ರವದಿ ಸುಡಬೇಡಿ ಎಂದವರು

ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಕಡ್ಡಿ ಗೀರಿ ಸುಟ್ಟುಬಿಡುವುದು ಎಲ್ಲರ ರೂಢಿ. ಸುಡದೆ ಸಾಲಿನ ನಡುವೆ ಹಾಸಿದರೆ ಮಣ್ಣಿಗೆ ಏನಾಗುತ್ತದೆ ಎಂದು ಗೋಕಾಕಿನ ಒಂದು ಕಚೇರಿ ಸಂಶೋಧನೆ ನಡೆಸುತ್ತಿತ್ತು. ಅಲ್ಲಿ ನಾನು ಸಹಾಯಕ. ಹುಕ್ಕೇರಿ, ಮೂಡಲಗಿ ಎಂದು ಬೈಕಿನಲ್ಲಿ ತಿರುಗಿ ಚೀಲದಲ್ಲಿ ಮಣ್ಣು ತುಂಬಿಕೊಂಡು ಬರುತ್ತಿದ್ದೆ. ನಮ್ಮೂರು ಮೇಲವಂಕಿಯಲ್ಲಿ ಮಾತ್ರ ಪ್ರಯೋಗಕ್ಕೆ ಒಬ್ಬರೂ ಹೊಲ ಕೊಡಲಿಲ್ಲ. ಕೊನೆಗೆ ಅವ್ವನ ಬೆನ್ನು ಬಿದ್ದೆ.

“ರವದಿ ಹಾಸಿದ್ರ ಇಲಿ ಬರ್ತಾವ, ಹಾವು ಬರ್ತಾವ. ನಿಮ್ಮ ಸಾಹೇಬ್ರು ಬಂದು ಹಿಡಿತಾರೇನ?” ಎಂದು ಬೈದಳು. ಬೈಯುತ್ತಲೇ ತನ್ನ ಒಂದೆಕರೆ ಕೊಟ್ಟಳು.

ಮೂರನೆಯ ವರ್ಷಕ್ಕೆ ಅವಳೇ ರವದಿ ಸರಿಸಿ ಕಂಡವರಿಗೆಲ್ಲ ಎರೆಹುಳು ತೋರಿಸತೊಡಗಿದ್ದಳು. “ನೋಡಿಲ್ಲೆ, ಹೆಂಗ ಹೊರಳಾಡಾಕತ್ತಾವ!” ಮಣ್ಣು ಬೆರಳಿಗೆ ಮೆತ್ತಗೆ ಸಿಗುತ್ತಿತ್ತು. ನೀರು ಬಿಡುವ ಸರದಿ ಎರಡು ದಿನ ತಪ್ಪಿದರೂ ಕಬ್ಬು ಬಾಡುತ್ತಿರಲಿಲ್ಲ. ಸಂಶೋಧನೆ ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅದು ಖರೇನೇ ಇತ್ತು.

ಆ ವರ್ಷ ರೈತರನ್ನು ಕರೆದು ಬೆಳೆ ತೋರಿಸುವ ಕ್ಷೇತ್ರೋತ್ಸವವನ್ನು ಅವ್ವನ ಹೊಲದಲ್ಲೇ ಇಟ್ಟರು. ಕಡಿದ ಬುಡದಿಂದ ಕುಳೆ ಕಬ್ಬು ಮೊಣಕಾಲೆತ್ತರ ಚಿಗುರಿತ್ತು. ಹಿಂದಿನ ದಿನ ಮಧ್ಯಾಹ್ನ ನಮ್ಮ ಸಾಹೇಬರು ಬಂದು ಸುತ್ತ ನೋಡಿ ಮೂಗು ಮುರಿದರು. “ಏನ್ರಿ ಇದು, ಕಸ ಬಿದ್ದಂಗ ಕಾಣತೈತಿ. ಕಾರು ಎಲ್ಲಿ ನಿಂದ್ರಸೂದು? ಈ ಮೂಲಿ ಅಷ್ಟ ಸುಟ್ಟ ಬಿಡ್ರಿ” ಎಂದು ಪೆಂಡಾಲಿನವರಿಗೆ ಹೇಳಿದರು. ನಾನು ಅಲ್ಲೇ ಇದ್ದೆ. ‘ರವದಿ ಸುಡಬೇಡಿ’ ಎಂಬ ಬ್ಯಾನರಿನ ಹಗ್ಗ ಕಟ್ಟುತ್ತಿದ್ದೆ. ಅವರು ಕಡ್ಡಿ ಗೀರಿದರು, ನಾನು ಹಗ್ಗ ಕಟ್ಟುತ್ತಲೇ ಇದ್ದೆ.

ಒಣ ರವದಿ ಮೂಲೆಗೇ ನಿಲ್ಲುತ್ತದೆಯೇ? ಅವ್ವ ಹಸಿ ಗೋಣಿಚೀಲ ಹಿಡಿದು ಓಡಿ ಬರುವಷ್ಟರಲ್ಲಿ ಅರ್ಧ ಹೊಲ ಬೂದಿಯಾಗಿತ್ತು, ಚಿಗುರು ಸೀದು ಹೋಗಿತ್ತು. ಸಾಹೇಬರು, “ಇರಲಿ ಬಿಡ್ರಿ ಅಕ್ಕಾರ, ಮತ್ತ ಚಿಗೀತೈತಿ” ಎಂದರು. ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಮರುದಿನ ಅದೇ ಬೂದಿಯ ಮೇಲೆ ಕಾರು ನಿಂತವು. ವೇದಿಕೆಯಲ್ಲಿ ಅವ್ವನಿಗೆ ಶಾಲು ಹೊದಿಸಿದರು. ಬಂದಿದ್ದ ಅತಿಥಿಯೊಬ್ಬರು ಮೈಕ್ ಹಿಡಿದು, “ಇನ್ನ ಮ್ಯಾಲೆ ರವದಿ ಸುಡೂದಿಲ್ಲ ಅಲ್ರಿ?” ಎಂದು ಅವಳನ್ನು ಕೇಳಿದರು.

“ನಾ ಸುಟ್ಟಿಲ್ರಿ. ಯಾರು ಸುಟ್ರು ಅಂತ ನನ್ನ ಮಗನ್ನ ಕೇಳ್ರಿ.”

ಮೈಕ್ ನನ್ನ ಕೈಗೆ ಬಂತು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಮುಂದಿನ ತಿಂಗಳು ನನ್ನ ಕೆಲಸದ ಕರಾರು ಮುಗಿಯುವುದಿತ್ತು. “ಆಕಸ್ಮಿಕವಾಗಿ ಬೆಂಕಿ ಬಿದ್ದಿದೆ” ಎಂದೆ. ಚಪ್ಪಾಳೆ ಬಿತ್ತು. ಥೂ, ಅಂಥ ನಾಲಗೆ ನನ್ನದು!

ಕರಾರು ಮುಂದುವರಿಯಿತು. ವರದಿಯೂ ಅಚ್ಚಾಯಿತು, ಅದರಲ್ಲಿ ಬೆಂಕಿಯ ಸುದ್ದಿಯೇ ಇಲ್ಲ.

ಉತ್ಸವ ಮುಗಿದ ಮರುದಿನ ಬೆಳಿಗ್ಗೆ ಅವ್ವ ಬಾಜೂ ಹೊಲದವರು ಸುಡಲು ಇಟ್ಟಿದ್ದ ರವದಿಯನ್ನು ಕೇಳಿ ಪಡೆದು, ಹೊರೆ ಹೊರೆಯಾಗಿ ತಲೆಯ ಮೇಲೆ ಹೊತ್ತು ತಂದು ಬೂದಿಯ ಮೇಲೆ ಹಾಸುತ್ತಿದ್ದಳು. ನಾನು ಓಡಿ ಹೋಗಿ ಒಂದು ಹೊರೆಗೆ ಕೈ ಹಾಕಿದೆ.

“ಮುಟ್ಟಬ್ಯಾಡ,” ಎಂದಳು. “ನೀ ಅವ್ರ ಪೈಕಿ.”