ಹಾಜರಿಯಲ್ಲಿ ಬಿಟ್ಟ ಹೆಸರು

ಮಗಳಿಗೆ ಫೊರೆನ್ಸಿಕ್ ಓದಲು ಸೀಟು ಸಿಕ್ಕಿದಾಗ ನೆಂಟರೆಲ್ಲ ಕೇಳಿದ್ದು ಒಂದೇ: "ಹೆಣ ಕೊಯ್ಯೋ ಕೆಲ್ಸನಾ?" ನನಗೆ ರೇಗಿತು. ಆದರೆ ಅರ್ಥ ಹೇಳೋಣವೆಂದರೆ ನನಗೂ ಗೊತ್ತಿರಲಿಲ್ಲ. ಮಗಳೇ ಬಿಡಿಸಿ ಹೇಳಿದಳು. ಹಿಂದೆ ರೋಮಿನಲ್ಲಿ ಜನ ಸೇರುವ ಬಯಲಿನಲ್ಲೇ ನ್ಯಾಯ ನಡೆಯುತ್ತಿತ್ತಂತೆ. ಆ ಬಯಲಿನ ಹೆಸರಿನಿಂದ ಹುಟ್ಟಿದ ಪದ ಅದು. ರಕ್ತವಾಗಲಿ, ಕೈಬರಹವಾಗಲಿ, ಮೊಬೈಲಾಗಲಿ, ನ್ಯಾಯದ ಮುಂದಿಡಲೆಂದು ಪರೀಕ್ಷಿಸಿದರೆ ಅದು ಫೊರೆನ್ಸಿಕ್.

"ಹಂಗಾದ್ರೆ ನಿನ್ನ ತಾತನೂ ಒಂದ್ಸಲ ಮಾಡಿದ್ರು ಬಿಡು," ಎಂದೆ.

ನನ್ನ ಅಪ್ಪ ಪಾಲಿಬೆಟ್ಟದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಕರೆದು ಆಳುಗಳಿಗೆ ಕೆಲಸ ಹಂಚುವವರು. ಮೂಗಿನ ತುದಿಯಲ್ಲೇ ಕೋಪ. ಹಣ್ಣು ಕೊಯ್ಯುವ ಪಿಕ್ಕಿಂಗ್ ನಡೆಯುತ್ತಿದ್ದಾಗ, ಆಳುಗಳ ಲೈನ್‌ಮನೆಗಳಲ್ಲಿದ್ದ ಕೆಲಸದ ಅಕ್ಕನೊಬ್ಬಳ ಮನೆ ಹಿಂದೆ ಮೊರದಲ್ಲಿ ಕಾಫಿಬೀಜ ಒಣಗುತ್ತಿದ್ದುದು ದೂರದಿಂದ ಕಣ್ಣಿಗೆ ಬಿತ್ತು. ತೋಟದ ಹಣ್ಣು ಕದ್ದಿದ್ದಾಳೆಂದೇ ತೀರ್ಮಾನಿಸಿ ಮರುದಿನ ಹಾಜರಿಯಲ್ಲಿ ಅವಳ ಹೆಸರು ಬಿಟ್ಟರು. ಹೆಸರು ಬಿಟ್ಟರೆ ಕೆಲಸವೂ ಹೋಯಿತು, ಲೈನಿನ ಮನೆಯೂ ಹೋಯಿತು.

ಅವಳು ಅಳಲಿಲ್ಲ. ಸೀದಾ ಹೋಗಿ ಮೊರ ತಂದು ಅಪ್ಪನ ಮುಂದಿಟ್ಟಳು.

"ಹಣ್ಣು ಕದ್ದಿದ್ರೆ ಸಿಪ್ಪೆ ಎಲ್ಲೋಯ್ತು ರೈಟ್ರೇ? ಬಗ್ಗಿ ನೋಡಿ."

ಅಪ್ಪ ಬಗ್ಗಿದರು. ಕದ್ದ ಹಣ್ಣಾಗಿದ್ದರೆ ಸಿಪ್ಪೆ ಸಮೇತ ಒಣಗುತ್ತಿತ್ತು; ಇಲ್ಲಿ ಒಂದಕ್ಕೂ ಸಿಪ್ಪೆಯಿಲ್ಲ, ಕೆಲವು ಬೀಜ ಇನ್ನೂ ಕಡಲೆಮಿಠಾಯಿಯ ಹಾಗೆ ಅಂಟಿಕೊಂಡಿದ್ದವು. ಪುನುಗುಬೆಕ್ಕಿನ ಹಿಕ್ಕೆ! ಅದು ಮಾಗಿದ ಹಣ್ಣು ತಿಂದು ಬೀಜವನ್ನು ಹಾಗೇ ಹೊರಹಾಕುತ್ತದೆ. ಹಿಕ್ಕೆಯ ಬೀಜ ಹೆಕ್ಕಿದವರಿಗೇ ಎಂಬುದು ಆ ಎಸ್ಟೇಟಿನ ವಾಡಿಕೆ. ಅಪ್ಪನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು, ಹತ್ತಿರ ಹೋಗಿ ನೋಡಿರಲಿಲ್ಲ ಅಷ್ಟೆ.

ಮಧ್ಯಾಹ್ನ ಮನೆಗೆ ಬಂದ ಅಪ್ಪ ಅನ್ನ ಮುಟ್ಟಲಿಲ್ಲ. "ಆಫೀಸಿಗೆ ಕರ್ದು ಒಂದ್ಮಾತು ಹೇಳಿದ್ರೆ ಸಾಲ್ದಾ?" ಎಂದಳು ಅಮ್ಮ.

"ಎಲ್ರೆದುರು ಬಿಟ್ಟ ಹೆಸ್ರು ಕಣೇ. ಎಲ್ರೆದುರೇ ಹೇಳ್ಬೇಕು."

ಮರುದಿನ ಸ್ಕೂಲಿಗೆ ಹೊರಟ ನಾನೂ ಹಾಜರಿ ಕರೆಯುವ ಕಣದಲ್ಲಿ ನಿಂತಿದ್ದೆ. ಅಪ್ಪ ಆ ಮೊರವನ್ನು ಸಾಲಿನುದ್ದಕ್ಕೂ ಹಿಡಿದು ಒಬ್ಬೊಬ್ಬರಿಗೂ ತೋರಿಸಿದರು. "ಹಣ್ಣು ತಿಂದಿದ್ದು ಬೆಕ್ಕು. ತಪ್ಪು ನಂದು," ಎಂದರು. ಅಪ್ಪನ ಮೇಲೆ ನನಗೆ ಅಷ್ಟೊಂದು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಆಮೇಲೆ ಕೂತು ಹಾಜರಿ ಪುಸ್ತಕ ತೆರೆದು ಎಲ್ಲರಿಗಿಂತ ಮೊದಲು ಅವಳ ಹೆಸರು ಕರೆದರು.

ಅವಳು ಸೆರಗು ಸರಿಮಾಡಿಕೊಂಡಳು.

"ಇನ್ನೊಂದ್ಸಲ ಕರೀರಿ ರೈಟ್ರೇ," ಎಂದಳು. "ಹಿಂದ್ಗಡೆ ಇರೋರ್ಗೂ ಕೇಳ್ಲಿ."

ಅಪ್ಪ ಎದ್ದು ನಿಂತು ಕರೆದರು.