ನಿಧಾನಣ್ಣನ ಮೂರನೇ ಪರೀಕ್ಷೆ

ನನ್ನ ಗಂಡ ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ಆಗಿದ್ದರು. ಹತ್ತೊಂಬತ್ತು ವರ್ಷ. ಗಂಡಸು ಹೋಗಿ ಹೋಗಿ ನರ್ಸ್ ಕೆಲಸ ಮಾಡ್ತಾನಾ ಎಂದು ನಮ್ಮ ಮದುವೆಯಲ್ಲೇ ನನ್ನ ದೊಡ್ಡಮ್ಮ ಕೇಳಿದ್ದಳು. "ಸೂಜಿ ಚುಚ್ಚಿಸ್ಕೊಂಡೋರು ಯಾರೂ ಇದನ್ನ ಕೇಳಿಲ್ಲ ಅತ್ತೆ, ನೀವೇ ಮೊದಲು" ಅಂದರು ಇವರು. ದೊಡ್ಡಮ್ಮ ಊಟದ ಪಂಕ್ತಿ ಕಡೆ ಎದ್ದು ಹೋದಳು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹೊಲಿಗೆ ನನ್ನ ಕೆಲಸ. ಬರೆದು ಅಭ್ಯಾಸವಿಲ್ಲ. ಆದರೆ ಒಂದು ಆಫೀಸಿನ ರಿಜಿಸ್ಟರಿನಲ್ಲಿ ಅವರ ಬಗ್ಗೆ ಸುಳ್ಳು ಬರೆದಿದ್ದಾರೆ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ವಾರ್ಡಿನಲ್ಲಿ ಅವರನ್ನು ನಿಧಾನಣ್ಣ ಎನ್ನುತ್ತಿದ್ದರು. ಕೀಮೋ ಏರಿಸುವ ಮುಂಚೆ ಇಬ್ಬರು ನರ್ಸ್ ನಿಂತು ಚೀಟಿ ಓದಬೇಕು. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಬಾಟಲಿ ನೋಡುವುದು. ಬೇರೆಯವರು ಒಂದು ಸಲ ಓದಿದರೆ ಇವರು ಎರಡು ಸಲ ಓದಿಸುತ್ತಿದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ರೋಗಿಯ ಕೈಗೆ ಬಿಸಿ ಬಟ್ಟೆ ಸುತ್ತಿ, ನರ ಮೇಲೆ ಬರುವ ತನಕ ಮಾತು. ಮನೆಯಲ್ಲಿ ಯಾರಿದ್ದಾರೆ, ಊಟ ಸೇರುತ್ತಾ, ನಿದ್ದೆ ಬರುತ್ತಾ. ಕೀಮೋ ಮೇಲೆ ಕೀಮೋ ಆದವರ ನರ ಹಳೇ ದಾರದ ಹಾಗೆ ಆಗಿರುತ್ತದೆ, ಮುಟ್ಟಿದರೆ ಜಾರುತ್ತದೆ. ಅಂಥದ್ದೂ ಇವರ ಬೆರಳಿಗೆ ಸಿಗುತ್ತಿತ್ತು.

ಒಂದು ದಿನ ನೋಟಿಸು ಹಾಕಿದರು. ಮುಂದಿನ ವರ್ಷದಿಂದ ಕ್ಯಾನ್ಸರ್ ನರ್ಸಿಂಗ್ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟ್ ತಂದವರು ಮಾತ್ರ ಕೀಮೋ ಮುಟ್ಟಬೇಕು. ಪರೀಕ್ಷೆಗೆ ಮೂರು ಅವಕಾಶ. ಮೂರೂ ಹೋದರೆ ಮತ್ತೆ ಇಲ್ಲ.

ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಅವರೂ ಹೇಳಲಿಲ್ಲ. "ವಿಷ ಕಣೇ ಅದು. ತಿಳಿದೋರೇ ಮುಟ್ಟಬೇಕು" ಅಂದರು. ಸ್ಕೂಲ್ ಹುಡುಗನ ಹಾಗೆ ಪುಸ್ತಕಕ್ಕೆ ರಟ್ಟು ಹಾಕಿದರು.

ಮೂರು ಗಂಟೆಯ ಪರೀಕ್ಷೆ. ನೂರ ಅರವತ್ತೈದು ಪ್ರಶ್ನೆ. ಒಂದೊಂದಕ್ಕೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಮೊದಲ ಸಲ ಬರೆದು ಬಂದ ದಿನ ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ.

"ಎಷ್ಟು ಬರೆದ್ರಿ?"

"ಎಪ್ಪತ್ತೊಂದು."

"ಮಿಕ್ಕಿದ್ದು ಬರ್ಲಿಲ್ವಾ?"

"ಬರುತ್ತೆ. ಟೈಮ್ ಆಗೋಯ್ತು. ಅದರಲ್ಲಿ ಒಬ್ಬ ಇದ್ದ ಕಣೇ, ನಲವತ್ತೈದು ವರ್ಷ. ಔಷಧಿ ಬೇಡ, ವಾರ್ಡಿನ ಬಾಗಿಲು ಕಂಡ್ರೇನೇ ವಾಂತಿ. ಜೊತೇಲಿ ಯಾರು ಬರ್ತಾರೆ ಅಂತ ಹಾಕಿಲ್ಲ. ಅದು ಗೊತ್ತಾಗದೆ ಏನಂತ ಹೇಳೋದು?"

"ರೀ, ಅವನು ಕಾಗದದ ರೋಗಿ ರೀ!"

"ಆಗ್ಲಿ. ವಾಂತಿ ಅಂತೂ ಮಾಡ್ತಿದ್ದಾನಲ್ಲ, ಪಾಪ."

ನಗು ಬಂತು. ಸಿಟ್ಟೂ ಬಂತು. ಒಂದೊಂದು ಪ್ರಶ್ನೆಯ ಮುಂದೆಯೂ ಕುರ್ಚಿ ಎಳೆದುಕೊಂಡು ಕೂತಿದ್ದಾರೆ ಮನುಷ್ಯ. ಫೇಲಾದರು.

ಎರಡನೇ ಸಲಕ್ಕೆ ನಾನೇ ಟೊಂಕ ಕಟ್ಟಿದೆ. ಪ್ರಶ್ನೆಗಳನ್ನು ನನಗೆ ಓದಲು ಬರುವ ಹಾಗೆ ದಪ್ಪ ಅಕ್ಷರದಲ್ಲಿ ರಟ್ಟಿನ ತುಂಡುಗಳ ಮೇಲೆ ಬರೆದುಕೊಟ್ಟರು. ಅದಕ್ಕೆ ನಾವು ಕಾರ್ಡು ಎನ್ನುತ್ತಿದ್ದೆವು. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದರೆ ಊಟ, ಆಮೇಲೆ ಹೊಲಿಗೆ ಮೇಜಿನ ಆ ಕಡೆ ಅವರು, ಈ ಕಡೆ ನಾನು. ನಾನು ಅಕ್ಷರ ಕೂಡಿಸಿ ಓದುತ್ತಿದ್ದೆ. ಒಂದು ನಿಮಿಷವಾದರೆ ಕತ್ತರಿಯಿಂದ ಮೇಜು ಕುಟ್ಟುತ್ತಿದ್ದೆ.

"ತಡಿಯೇ, ಇವಳಿಗೆ ಜ್ವರ ಎಷ್ಟು ದಿನದಿಂದ—"

ಟಕ್.

"ಲೇ, ಯಮನಾದ್ರೂ ಒಂದ್ ನಿಮಿಷ ಜಾಸ್ತಿ ಕೊಡ್ತಾನೆ."

"ಅವನ ಹತ್ರಾನೇ ಕೇಳ್ಕೊಳ್ಳಿ. ಮುಂದಿಂದು."

ಹೀಗೆ ಅಂದಿದ್ದೆ ನಾನು. ನನ್ನ ಬಾಯಿಂದಲೇ ಬಂತು ಆ ಮಾತು.

ಎರಡನೇ ಸಲ ನೂರ ಅರವತ್ತೈದಕ್ಕೂ ಗುರುತು ಹಾಕಿ ಬಂದರು. ಮುಖ ಸಪ್ಪಗಿತ್ತು. "ಎಲ್ಲಾ ಮುಗಿಸ್ದೆ. ಒಬ್ಬರ ಮುಖಾನೂ ನೋಡ್ಲಿಲ್ಲ" ಅಂದರು. ಮೂರು ಅಂಕಕ್ಕೆ ಹೋಯಿತು. ಕತ್ತರಿ ಕುಟ್ಟಿ ಓಡಿಸಿದವಳು ನಾನು.

ವರ್ಷ ತಿರುಗಿತು, ಸರ್ಟಿಫಿಕೇಟ್ ಇಲ್ಲವೆಂದು ಅವರನ್ನು ಸ್ಟೋರ್ ರೂಮಿಗೆ ಹಾಕಿದರು. ಕೈಗವಸು, ಹತ್ತಿ, ಸಿರಿಂಜು ಲೆಕ್ಕ ಇಡುವ ಕೆಲಸ. ಕಿಟಕಿಯಿಲ್ಲದ ಕೋಣೆ, ವಾರ್ಡಿಗೂ ಅದಕ್ಕೂ ಒಂದೇ ಗೋಡೆ. ಒಂದು ದಿನ ರೋಗಿ ಟೀಚರಮ್ಮ ಒಬ್ಬರು ಊದಿದ ಕೈ ಹಿಡಿದುಕೊಂಡು ನೇರ ಸ್ಟೋರಿನ ಬಾಗಿಲಿಗೆ ಬಂದರಂತೆ. ಹಿಂದೆಯೇ ಅಳುಮುಖದ ಮರಿ ಸಿಸ್ಟರ್. ಇಪ್ಪತ್ತಮೂರರ ಹುಡುಗಿ, ಮೊದಲ ಸಲಕ್ಕೇ ಪಾಸಾದವಳು.

"ನಾಲ್ಕು ಕಡೆ ಚುಚ್ಚಿದ್ಲು ಇವಳು. ನೀನು ಬಾರಪ್ಪ" ಅಂದರಂತೆ ಟೀಚರಮ್ಮ.

"ನಾನು ಫೇಲಾದ ಹುಡುಗ ಟೀಚರ್. ಮುಟ್ಟೋ ಹಾಗಿಲ್ಲ."

"ನಾನು ಎಷ್ಟು ಜನರನ್ನ ಫೇಲ್ ಮಾಡಿಲ್ಲ! ಅದರಲ್ಲಿ ಅರ್ಧ ನಂದೇ ತಪ್ಪು. ಬಾ."

ಇವರು ಸೂಜಿ ಮುಟ್ಟಲಿಲ್ಲ. ಮರಿ ಸಿಸ್ಟರಿನ ಬೆರಳು ಹಿಡಿದು ಟೀಚರಮ್ಮನ ಮೊಣಕೈ ಕೆಳಗೆ ಒಂದು ಕಡೆ ಇಟ್ಟು, "ಇಲ್ಲಿ. ಕಣ್ಣು ಮುಚ್ಕೊಂಡು ನೋಡಮ್ಮ" ಅಂದರಂತೆ. ಸಿಕ್ಕಿತು. ಆ ದಿನ ಮನೆಗೆ ಬಂದು ಎರಡು ಸಲ ಬಡಿಸಿಕೊಂಡರು.

ಆಮೇಲೆ ಊಟ ಕಮ್ಮಿಯಾಯಿತು. ಬೆನ್ನು ನೋವು ಎಂದರು. ಸ್ಟೋರಿನಲ್ಲಿ ಪೆಟ್ಟಿಗೆ ಎತ್ತಿ ಇರಬೇಕು ಎಂದುಕೊಂಡೆ. ಕಣ್ಣು ಹಳದಿಯಾದ ಮೇಲೆ ಗೊತ್ತಾಯಿತು. ಅವರಿಗೆ ಮೊದಲೇ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಹೊಟ್ಟೆಯ ಹಿಂದೆ ಯಾವುದೋ ಗ್ರಂಥಿಗೆ ಕ್ಯಾನ್ಸರ್ ಅಂತೆ. ಅವರದೇ ವಾರ್ಡಿನಲ್ಲಿ, ಸ್ಟೋರಿನ ಗೋಡೆ ಪಕ್ಕದ ಮಂಚ. ಮರಿ ಸಿಸ್ಟರ್ ಬಂದರೆ, ಚೀಟಿ ಎರಡು ಸಲ ಓದು ಎನ್ನುತ್ತಿದ್ದರು. ಅವಳು ಮೂರು ಸಲ ಓದುತ್ತಿದ್ದಳು.

ಮಲಗಿದ್ದಲ್ಲಿಂದಲೇ ಮೂರನೇ ಸಲಕ್ಕೆ ಅರ್ಜಿ ಹಾಕಿಸಿದರು. ಹಾಲ್ ಟಿಕೆಟ್ ಬಂತು. ದಿಂಬಿನ ಕೆಳಗೆ ಇಟ್ಟುಕೊಂಡರು. "ಇದೊಂದು ಪಾಸಾಗ್ಬಿಟ್ರೆ ಸಾಕು ಕಣೇ. ಆಮೇಲೆ ಏನಾದ್ರೂ ಆಗ್ಲಿ." ಕಾರ್ಡು ತಾ ಎಂದರು. ಮನೆಯಿಂದ ತಂದೆ.

ಒಂದು ಮಧ್ಯಾಹ್ನ ಕೈಗೆ ಈ ಕಾರ್ಡು ಬಂತು. ಓದುತ್ತಾ ಓದುತ್ತಾ ಅರ್ಥವಾಯಿತು, ಅಷ್ಟರಲ್ಲಿ ಅರ್ಧ ಓದಿಯಾಗಿತ್ತು. ನಾನು ಸಾಯ್ತೀನಾ ಎಂದು ರೋಗಿ ಕೇಳುತ್ತಾನೆ. ನರ್ಸ್ ಮೊದಲು ಏನು ಮಾಡಬೇಕು? ಒಂದು, ಏನೂ ಆಗಲ್ಲ ಎನ್ನುವುದು. ಎರಡು, ಡಾಕ್ಟರನ್ನು ಕೇಳಿ ಎನ್ನುವುದು. ಮೂರು, ನಿಮಗೆ ಏನು ಗೊತ್ತಾಗಿದೆ ಎಂದು ಅವರನ್ನೇ ಕೇಳುವುದು. ನಾಲ್ಕು, ಬೇರೆ ಮಾತು ತೆಗೆಯುವುದು.

"ಮೂರು" ಅಂದರು ತಕ್ಷಣ.

ಕಾರ್ಡು ಹಾಸಿಗೆ ಮೇಲಿಟ್ಟೆ. "ನಿಮಗೆ ಏನು ಗೊತ್ತಾಗಿದೆ ರೀ?" ಅಂದೆ.

ಅವರು ಮೇಲೆ ಫ್ಯಾನ್ ನೋಡಿದರು. ಕತ್ತರಿ ನಾನು ತಂದಿರಲಿಲ್ಲ. ಒಂದು ನಿಮಿಷಕ್ಕಿಂತ ಜಾಸ್ತಿಯೇ ಆಯಿತು.

"ಮುಂದಿನ ಕಾರ್ಡು ತೆಗಿ" ಅಂದರು.

ಅವರು ಒಂದು ಪ್ರಶ್ನೆಯನ್ನು ತಾವಾಗಿ ಬಿಟ್ಟು ಮುಂದೆ ಹೋಗಿದ್ದು ಅದೊಂದೇ.

ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಹೋದರು.

ಪರೀಕ್ಷೆಯ ದಿನ ನಾನು ಹಾಲ್ ಟಿಕೆಟ್ ಹಿಡಿದು ಹೋದೆ. ಯಾಕೆ ಹೋದೆ ಎಂದರೆ, ಹೆಸರು ಕೂಗಿದಾಗ ಯಾರೂ ಇಲ್ಲದೆ ಹೋಗಬಾರದು ಎಂದು. ಕೂಗುವವನಿಗೆ ವಿಷಯ ಹೇಳಿದೆ. ಅವನು ಅಯ್ಯೋ ಎಂದು ಗೈರುಹಾಜರಿ ಎಂದು ಬರೆದುಕೊಂಡ. ವಾರ ಬಿಟ್ಟು ಪರೀಕ್ಷೆಯ ಆಫೀಸಿಗೆ ಹೋಗಿ ನೋಡಿದರೆ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಹೀಗಿತ್ತು: ಮೂರು ಅವಕಾಶ ಮುಗಿದಿದೆ, ಅನುತ್ತೀರ್ಣ.

"ಮೂರು ಸಲ ಫೇಲಾಗಿಲ್ಲ ಅವರು. ಎರಡೇ ಸಲ. ಮೂರನೇ ಸಲಕ್ಕೆ ಇರಲೇ ಇಲ್ಲ. ತೀರಿಹೋದರು ಅಂತ ಬರೀರಿ" ಅಂದೆ.

ಗುಮಾಸ್ತ ಕೆಟ್ಟವನಲ್ಲ. ಕುರ್ಚಿ ತೋರಿಸಿದ. "ಅಮ್ಮಾ, ಆ ಥರ ಕಾಲಂ ಇಲ್ಲ. ಪಾಸು, ಫೇಲು, ಗೈರು. ಗೈರಾದ್ರೂ ಒಂದು ಅವಕಾಶ ಹೋದ ಲೆಕ್ಕ. ತಕ್ಕ ಕಾರಣಕ್ಕೆ ಕಾಗದ ತಂದ್ರೆ ಆ ಅವಕಾಶ ವಾಪಸ್ ಕೊಡ್ತಾರೆ. ಆಗ ಇನ್ನೊಂದು ಸಲ ಬರೀಬಹು—" ಅಂದವನು ಅಲ್ಲಿಗೆ ನಿಲ್ಲಿಸಿ ಪೆನ್ನಿನ ಕ್ಯಾಪ್ ಹುಡುಕತೊಡಗಿದ.

ಮರಣದ ಸರ್ಟಿಫಿಕೇಟ್ ಕೊಟ್ಟು ಬಂದೆ. ನಮ್ಮ ಮನೆಗೆ ಬಂದ ಸರ್ಟಿಫಿಕೇಟ್ ಅದೊಂದೇ.

ಮರಿ ಸಿಸ್ಟರ್ ಬಂದು ಕಾರ್ಡು ಕೇಳಿದಳು, ಹೊಸಬರಿಗೆ ಓದಲು ಕೊಡುತ್ತೇನೆ ಎಂದು. ಕೊಡಲಿಲ್ಲ. ಒಳ್ಳೆಯ ಹುಡುಗಿ, ಆದರೂ ಕೊಡಲಿಲ್ಲ.

ಇಷ್ಟು ಬರೆದಿಟ್ಟ ಮೇಲೆ, ನಿನ್ನೆ ಆಫೀಸಿನಿಂದ ಪತ್ರ ಬಂತು, ಅವರ ಹೆಸರಿಗೆ. ತಮ್ಮ ಮನವಿ ಅಂಗೀಕಾರವಾಗಿದೆ. ಅನುತ್ತೀರ್ಣ ಎಂಬುದನ್ನು ತೆಗೆಯಲಾಗಿದೆ. ತಮಗೆ ಇನ್ನೂ ಒಂದು ಅವಕಾಶ ಬಾಕಿ ಇದೆ.

ಅಕ್ಷರ ಕೂಡಿಸಿ ಎರಡು ಸಲ ಓದಿದೆ. ಅವರಿಗೆ ಬಾಕಿ ಏನೂ ಇಲ್ಲ.