ಸವಳು ಮಣ್ಣಿನ ರುಚಿ

ನಮ್ಮ ಮನೆ ಕಟ್ಟಲು ಒಂಬತ್ತು ಬೇಸಿಗೆ ಹಿಡಿಯಿತು. ಅದರಲ್ಲಿ ಹಿಂದಿನ ಗೋಡೆಯನ್ನು ಎರಡು ಸಲ ಕಟ್ಟಬೇಕಾಯಿತು. ಎರಡನೆಯ ಸಲ ಏಕೆ ಕಟ್ಟಬೇಕಾಯಿತು ಎಂಬುದನ್ನು ನಾನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಆಗ ನಿಜಾಮರ ಆಳ್ವಿಕೆ. ನಮ್ಮೂರು ಕುಷ್ಟಗಿಗೆ ಹೋಗುವ ಬಂಡಿದಾರಿಯ ಮೇಲಿತ್ತು. ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದರು. ನಾವು ಇದ್ದದ್ದು ಆ ಹೊಲದವರ ದನದ ಮನೆಯ ಒಂದು ಮಗ್ಗುಲಲ್ಲಿ. ಸುಗ್ಗಿ ಮುಗಿದು ಮಳೆ ಬರುವ ತನಕ ಸಿಕ್ಕ ಬಿಡುವಿನಲ್ಲಿ ಅಪ್ಪ ಕಲ್ಲು ಹೊತ್ತು ತರುತ್ತಿದ್ದ, ಅವ್ವ ಮಣ್ಣಿಗೆ ಹೊಟ್ಟು ಬೆರೆಸಿ ತುಳಿಯುತ್ತಿದ್ದಳು, ನಾನು ನೀರು ಹೊರುತ್ತಿದ್ದೆ. ಒಂದು ಬೇಸಿಗೆಗೆ ಮೊಳದೆತ್ತರ ಗೋಡೆ ಎದ್ದರೆ ಅದೇ ದೊಡ್ಡದು. ಹಿಂದಿನ ಗೋಡೆಯನ್ನು ಅವ್ವ ಒಬ್ಬಳೇ ಕಟ್ಟಿದಳು. ಓಣಿಯ ಹೆಂಗಸರು ಅದನ್ನು ಅಂಗೈಯಿಂದ ತಟ್ಟಿ ನೋಡಿ, "ನಿನ್ನ ಕೈಯಾಗ ಏನೈತೆವ್ವ" ಎನ್ನುತ್ತಿದ್ದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಎಂಟನೆಯ ಬೇಸಿಗೆಗೆ ತೊಲೆ, ಜಂತೆ ಏರಿದವು. ಅವುಗಳ ಮೇಲೆ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಕೆಸರು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ನಮ್ಮ ಕಡೆಯ ಚಪ್ಪಟೆ ಮಣ್ಣಿನ ಮಾಳಿಗೆಯ ಮನೆಗಳನ್ನು ಕಾಯುವುದು ಅದೇ. ಬೆಳ್ಳಗೆ ಉಪ್ಪು ಒಡೆದ ಆ ಮಣ್ಣನ್ನು ಹರಡಿ ಬಡಿದರೆ ನೀರು ಒಳಗಿಳಿಯದೆ ಹರಿದು ಹೋಗುತ್ತದೆ. ಮಣ್ಣು ಸರಿಯಿದೆಯೋ ಇಲ್ಲವೋ ಎಂದು ಅವ್ವ ಚಿಟಿಕೆ ನಾಲಿಗೆಗೆ ಹಚ್ಚಿ ಹೇಳುತ್ತಿದ್ದಳು. ಊರವರು ತಮ್ಮ ಮಾಳಿಗೆಗೆ ಹಾಕುವ ಮೊದಲೂ ಅವಳನ್ನೇ ಕರೆಯುತ್ತಿದ್ದರು. ಬೇರೆಯವರ ದನದ ಮನೆಯಲ್ಲಿ ಮಲಗುವವಳಿಗೆ ಊರಲ್ಲಿದ್ದ ಮರ್ಯಾದೆ ಅದೊಂದೇ.

ಮಣ್ಣು ತರುವ ಕೆಲಸ ನನ್ನದು. ಸವಳಿನ ಗುಂಡಿ ಇದ್ದದ್ದು ಬಂಡಿದಾರಿಯ ಪಕ್ಕದಲ್ಲಿ. ಅದೇ ವರ್ಷ ನನಗೆ ಗಂಡು ಗೊತ್ತಾಗಿತ್ತು. ಆ ಮನೆಯವರ ಬಂಡಿ ಕುಷ್ಟಗಿ ಸಂತೆಗೆ ಅದೇ ದಾರಿಯಲ್ಲಿ ಹೋಗುತ್ತಿತ್ತು. ತಲೆಯ ಮೇಲೆ ಬುಟ್ಟಿ, ಮೈತುಂಬ ಧೂಳು, ಹಾಗೆ ಅವರ ಕಣ್ಣಿಗೆ ಬೀಳುವುದಕ್ಕಿಂತ ಸಾಯುವುದು ಮೇಲು ಅನ್ನಿಸಿತು. ಈ ಬಿಂಕ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ.

ಎರಡು ದಿನ ಸರಿಯಾಗಿಯೇ ತಂದೆ. ಮೂರನೆಯ ದಿನ ಸಂತೆ. ಅವತ್ತು ಗುಂಡಿಯ ಕಡೆ ಹೋಗದೆ ಊರ ಹಿಂದಿನ ಬೀಳು ಹೊಲದ ಮಣ್ಣು ತುಂಬಿಕೊಂಡು, ಬಣ್ಣ ಬರಲೆಂದು ತಿಪ್ಪೆಯ ಬೂದಿ ಬೆರೆಸಿದೆ. ನೋಡಲು ಸವಳಿನ ಹಾಗೆಯೇ ಕಂಡಿತು.

ಅವ್ವ ಚಿಟಿಕೆ ನಾಲಿಗೆಗೆ ಹಚ್ಚಿದಳು. ಮತ್ತೊಮ್ಮೆ ಹಚ್ಚಿದಳು.

"ಯಾಕ, ಉಪ್ಪು ಕಡಿಮಿ ಐತಲ್ಲ?"

"ಗುಂಡಿ ತಳದ್ದವ್ವ. ಮ್ಯಾಲಿಂದು ಮುಗದೈತಿ" ಎಂದೆ. ತಡವರಿಸಲೂ ಇಲ್ಲ.

ಅವ್ವ ನನ್ನ ಮುಖ ನೋಡಿ ತಲೆಯಾಡಿಸಿದಳು. ಆ ಬುಟ್ಟಿಗಳೆಲ್ಲ ಅವಳು ಕಟ್ಟಿದ ಹಿಂದಿನ ಗೋಡೆಯ ಮೇಲಿನ ಮಾಳಿಗೆಯ ಅಂಚಿಗೇ ಹೋದವು.

ಮೊದಲ ದೊಡ್ಡ ಮಳೆ ಎರಡು ದಿನ ಬಿಡದೆ ಹೊಡೆಯಿತು. ಅಂಚಿನಲ್ಲಿ ನೀರು ಇಳಿದು, ಗೋಡೆ ನೆನೆದು, ಎರಡನೆಯ ದಿನ ಮಧ್ಯಾಹ್ನ ಕುಸಿದು ಕೂತಿತು. ನಾವಿನ್ನೂ ಒಳಗೆ ಹೋಗಿರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ. ಅಪ್ಪ ಬೈಯುವ ಮನುಷ್ಯನಲ್ಲ. ಬಿದ್ದ ಮಣ್ಣನ್ನು ಹಿಡಿಯಲ್ಲಿ ಹಿಸುಕಿ, "ನೀ ನೋಡಿ ಹಾಕಿದ್ದಿಲ್ಲೇನು?" ಎಂದ.

"ನೋಡಿದ್ನಿರಿ" ಎಂದಳು ಅವ್ವ. ಬಿದ್ದ ಗೋಡೆಯ ಕಡೆ ತಿರುಗಿ, "ನನ್ನ ನಾಲಿಗಿ ಕೆಟ್ಟೈತಿ, ನನಗ ತಿಳೀಲಿಲ್ಲ" ಎಂದಳು.

ನಾನು ಅವರಿಬ್ಬರ ನಡುವೆ ಬುಟ್ಟಿ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. ಮದುವೆ ಮುರಿದೀತು, ಅಪ್ಪ ಹೊಡೆದಾನು ಎಂದು ಏನೇನೋ ನೆಪ ಹುಡುಕಿಕೊಂಡೆ. ನಿಜ ಹೇಳಬೇಕೆಂದರೆ ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಒಂಬತ್ತನೆಯ ಬೇಸಿಗೆ ಆ ಗೋಡೆಯನ್ನು ಅಪ್ಪ ಕಟ್ಟಿದ. ಅವ್ವ ನೀರು ಹೊತ್ತಳು. ಮಣ್ಣು ನೋಡಲು ಊರಿನವರು ಅವಳನ್ನು ಕರೆಯುವುದು ನಿಂತಿತು. ಇತ್ತ ನನಗೆ ಮದುವೆಯಾಯಿತು. ಮೊದಲ ಬೇಸಿಗೆಯಲ್ಲೇ ಅತ್ತೆ ನನ್ನ ತಲೆಯ ಮೇಲೆ ಸವಳಿನ ಬುಟ್ಟಿ ಹೊರಿಸಿ, ತಾನೂ ಒಂದು ಹೊತ್ತು, ಅದೇ ಬಂಡಿದಾರಿಯಲ್ಲಿ ನಡೆದಳು. ಸಂತೆಗೆ ಹೋಗುವವರು ಒಬ್ಬರೂ ನಮ್ಮತ್ತ ತಿರುಗಿ ನೋಡಲಿಲ್ಲ.

ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಸವಳು ಹಾಕುವಾಗ ಅವ್ವ ಹೇಳಿಕಳಿಸುತ್ತಿದ್ದಳು. ನಾನು ಹೋದರೆ ಮೊದಲ ಬುಟ್ಟಿಯಿಂದ ಒಂದು ಹಿಡಿ ಮಣ್ಣು ತೆಗೆದು ನನ್ನ ಮುಂದೆ ಹಿಡಿಯುತ್ತಿದ್ದಳು.

"ನೀ ನೋಡವ್ವ. ನನಗ ನನ್ನ ಮ್ಯಾಲ ನಂಬಿಗಿ ಇಲ್ಲ. ನೀ ಹೇಳಿದ್ರ ಹಾಕ್ತೀನಿ."

ನಾನು ಚಿಟಿಕೆ ನಾಲಿಗೆಗೆ ಹಚ್ಚುತ್ತಿದ್ದೆ. ಉಪ್ಪಿರುತ್ತಿತ್ತು. "ಛಲೋ ಐತಿ, ಹಾಕು" ಎನ್ನುತ್ತಿದ್ದೆ. ಅವಳು ತೀರಿಕೊಂಡ ವರ್ಷದ ಬೇಸಿಗೆಯಲ್ಲೂ ಅಷ್ಟೇ ಅಂದೆ.